ಕಾಫಿ ಕಟ್ಟಿಗೆಯ ಸೌಟು, ಕಾರವಾರದ ದಾರಿ: ನಿಮ್ಮ ಪ್ರಶ್ನೆಗೆ ಉತ್ತರ

ಮನೆಯಲ್ಲೇ ಕೂತು ಮಾಡಿದ ಸೌಟು, ಡಬ್ಬಿಗಳ ಬಗ್ಗೆ, ಜೊತೆಗೆ ಮಡಿಕೇರಿಯಿಂದ ಕಾರವಾರದ ತನಕ ಕಾರಿನಲ್ಲಿ ಹೋಗಿ ಬಂದದ್ದರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಹಳೇ ಕಾಫಿ ಗಿಡ ಕಿತ್ತಿದ್ದೇವೆ. ಕಟ್ಟಿಗೆ ಕಲ್ಲಿನಂತಿದೆ, ಒಲೆಗೆ ಹಾಕಲು ಮನಸ್ಸು ಬರ್ತಿಲ್ಲ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿಯೇ ಸೌಟು ಕೆತ್ತಲು ಕೂತೆ, ಆದರೂ ಉದ್ದಕ್ಕೆ ಸೀಳುತ್ತಿದೆ. ಯಾಕೆ?
– ಓದುಗರು, ಸಿದ್ದಾಪುರ

ಬಿಸಿಲಲ್ಲಿ ಒಣಗಿಸಿದ್ದೇ ತೊಂದರೆ. ಕಟ್ಟಿಗೆಯ ನೀರು ಜಾಸ್ತಿ ಹೋಗುವುದು ಕೊಯ್ದ ಎರಡು ತುದಿಗಳಿಂದ. ತುದಿ ಬೇಗ ಒಣಗಿ ಕುಗ್ಗುತ್ತದೆ, ನಡುಭಾಗ ಇನ್ನೂ ಹಸಿಯಾಗಿಯೇ ಇರುತ್ತದೆ, ಆ ಎಳೆದಾಟಕ್ಕೆ ಬಿರುಕು ಬರುತ್ತದೆ. ಕಾಫಿ ಕಾಂಡ ಸಣ್ಣದು ಬೇರೆ. ದಪ್ಪ ಮರವಾದರೆ ನಡುವಿನ ತಿರುಳು ಬಿಟ್ಟು ಹಲಗೆ ಕೊಯ್ಯಬಹುದು, ಇಲ್ಲಿ ಸುಮ್ನೆ ಇಟ್ಟರೆ ತಿರುಳು ಮಧ್ಯದಲ್ಲೇ ಉಳಿಯುತ್ತದೆ, ಬಿರುಕು ಅಲ್ಲಿಂದಲೇ ಶುರು. ಅದಕ್ಕೆ ಕಿತ್ತ ಕೂಡಲೇ ಕಾಂಡವನ್ನು ಉದ್ದಕ್ಕೆ ಎರಡು ಹೋಳು ಮಾಡಿ. ತಿರುಳನ್ನು ಉಳಿಯಿಂದ ತೆಗೆದುಬಿಡಿ. ತುದಿಗಳನ್ನು ಕರಗಿಸಿದ ಮೇಣದಲ್ಲಿ ಅದ್ದಿ, ಮೇಣ ಇಲ್ಲದಿದ್ದರೆ ಫೆವಿಕಾಲ್ ದಪ್ಪಗೆ ಬಳಿಯಿರಿ. ನೆರಳಲ್ಲಿ, ಗಾಳಿ ಆಡುವ ಕಡೆ ಇಡಿ. ಇನ್ನೂ ಒಳ್ಳೆಯದು ಏನಂದ್ರೆ, ಹಸಿಯಿದ್ದಾಗಲೇ ಸೌಟಿನ ಆಕಾರಕ್ಕೆ ಒರಟಾಗಿ ಕೆತ್ತಿಬಿಡುವುದು. ಹಸಿ ಕಟ್ಟಿಗೆ ಕತ್ತಿಗೆ ಬೆಣ್ಣೆಯ ಹಾಗೆ ಸಿಗುತ್ತದೆ, ಒಣಗಿದ ಮೇಲೆ ಕೈ ಬೊಬ್ಬೆ ಬರುವುದು ಗ್ಯಾರಂಟಿ. ತೆಳ್ಳಗಾದ ಮರ ಒಳಗೂ ಹೊರಗೂ ಒಂದೇ ಸಮ ಒಣಗುವುದರಿಂದ ಸೀಳುವುದೂ ಕಡಿಮೆ. ಕೆಲವು ವಾರ ಬಿಟ್ಟು ಸ್ಯಾಂಡ್ ಪೇಪರ್ ಹಿಡಿಯಿರಿ.

ಸೌಟಿಗೆ ಹಚ್ಚಲು ಅಗಸೆ ಎಣ್ಣೆ ಸಾಕು, ಅದು ಗಾಳಿಗೆ ಗಟ್ಟಿಯಾಗುತ್ತದೆ. ಪೇಂಟ್ ಅಂಗಡಿಯ ಬಾಯ್ಲ್ಡ್ ಎಣ್ಣೆ ಬೇಡ, ಬೇಗ ಒಣಗಲಿ ಅಂತ ಅದಕ್ಕೆ ಲೋಹದ ಅಂಶ ಸೇರಿಸಿರುತ್ತಾರೆ, ಅನ್ನದ ಪಾತ್ರೆಗೆ ಹಾಕುವ ಸೌಟಿಗೆ ಅದು ಯಾಕೆ? ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಗಟ್ಟಿಯಾಗುವಾಗ ಆ ಎಣ್ಣೆ ಬಿಸಿ ಹುಟ್ಟಿಸುತ್ತದೆ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಬಿಡಿಸಿ ಹರವಿ.

ನೀವು ಕಿತ್ತದ್ದು ಅರೇಬಿಕಾ ಜಾತಿಯ ಕಾಫಿ, ಅದಕ್ಕೆ ಕಾಂಡ ಕೊರೆಯುವ ದುಂಬಿ, ಅಂದರೆ ಬಿಳಿ ಕಾಂಡಕೊರಕ ಬಿದ್ದಿತ್ತು ಅಂತಾದರೆ ಮಾತ್ರ ಸೌಟಿನ ಆಸೆ ಬಿಡಿ, ಸುಟ್ಟುಬಿಡಿ. ಏಪ್ರಿಲ್‌-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ ತನಕ ಆ ದುಂಬಿ ಹೊರಗೆ ಬಂದು ಹಾರುತ್ತದೆ. ಕಟ್ಟಿಗೆಯನ್ನು ಪೇರಿಸಿ ಇಟ್ಟುಕೊಂಡರೆ ನಿಮ್ಮ ತೋಟಕ್ಕೆ ಮಾತ್ರ ಅಲ್ಲ, ಪಕ್ಕದವರ ತೋಟಕ್ಕೂ ನೀವೇ ಹಂಚಿದ ಹಾಗೆ.

ಜನವರಿಯಲ್ಲಿ ಸಿಲ್ವರ್ ಓಕ್ ಹಲಗೆಯಲ್ಲಿ ಜಾರುವ ಮುಚ್ಚಳದ ಡಬ್ಬಿ ಮಾಡಿ ಮಲ್ಪೆಯಲ್ಲಿರುವ ಅಕ್ಕನಿಗೆ ಕೊಟ್ಟೆ. ಈಗ ಮುಚ್ಚಳ ಅಲ್ಲಾಡ್ತಿಲ್ಲ, ಮೊಳೆಯೆಲ್ಲಾ ತುಕ್ಕು. ಭಾವ ದಿನಾ ಗೇಲಿ ಮಾಡ್ತಾರೆ.
– ಓದುಗರು, ಸೋಮವಾರಪೇಟೆ

ಭಾವನಿಗೆ ಹೇಳಿ, ತಪ್ಪು ಮಲ್ಪೆಯ ಗಾಳಿಯದ್ದು. ಜನವರಿಯ ಒಣ ಹವೆಯಲ್ಲಿ ಕುಗ್ಗಿದ್ದ ಹಲಗೆ ಕಡಲ ಪಕ್ಕ ಹೋಗಿ ತೇವ ಕುಡಿದು ಅಗಲವಾಗಿದೆ. ನಮ್ಮಲ್ಲೂ ಜುಲೈಯಲ್ಲಿ ಬಾಗಿಲು ಕಚ್ಚಿಕೊಳ್ಳುತ್ತದೆ ಅಲ್ವಾ, ಅದೇ ಕಥೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಹಿಗ್ಗುವುದೆಲ್ಲ ಅಡ್ಡಕ್ಕೆ. ಹಾಗಾಗಿ ಮುಚ್ಚಳದ ಎರಡು ಪಕ್ಕವನ್ನು ಮಾತ್ರ ಸ್ವಲ್ಪ ಕೀಸಿ, ಉದ್ದ ಮುಟ್ಟಬೇಡಿ. ಮುಂದಿನ ಸಲ ಒಣ ಕಾಲದಲ್ಲಿ ಮಾಡುವಾಗ ಸ್ವಲ್ಪ ಸಡಿಲ ಅನ್ನಿಸುವಷ್ಟು ಜಾಗ ಬಿಡಿ. ಕಬ್ಬಿಣದ ಮೊಳೆ ಬದಲು ಹಿತ್ತಾಳೆ ಸ್ಕ್ರೂ ಹಾಕಿ, ಇಲ್ಲ ಬಿದಿರು ಮೊಳೆ. ಕರಾವಳಿಯಲ್ಲಿ ರಂಪಣಿ ಅನ್ನುವ ದೊಡ್ಡ ಮೀನುಬಲೆ ಬೀಸುವ ಹಳೇ ದೋಣಿಗಳ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿಯುತ್ತಿದ್ದರು. ಉಪ್ಪುನೀರಿಗೆ ಹಗ್ಗ ತುಕ್ಕು ಹಿಡಿಯುವುದಿಲ್ಲ, ಹಲಗೆ ಹಿಗ್ಗಿದರೂ ತಡೆದುಕೊಳ್ಳುತ್ತದೆ. ಡಬ್ಬಿಗೂ ಹೊಲಿಗೆ ಹಾಕಿ ನೋಡುವ ಯೋಚನೆ ನನಗಿದೆ.

ಅಪ್ಪ, ಅಮ್ಮ, ಇಬ್ಬರು ಮಕ್ಕಳ ಜೊತೆ ಮಡಿಕೇರಿಯಿಂದ ಕಾರವಾರಕ್ಕೆ ಒಂದೇ ದಿನದಲ್ಲಿ ಹೋಗಬಹುದಾ? ಯಾವಾಗ ಹೊರಡೋದು?
– ಓದುಗರು, ಕುಶಾಲನಗರ

ಹೋಗಬಹುದು, ಆದರೆ ಬೇಡ. ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು, ಮಾಣಿ ದಾಟಿ ಮಂಗಳೂರಿಗೇ ಸುಮಾರು 140 ಕಿ.ಮೀ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರವಾರಕ್ಕೆ ಇನ್ನೂ 270ರ ಹತ್ತಿರ. ಅಷ್ಟು ದೂರ ವಯಸ್ಸಾದವರನ್ನು ಕೂರಿಸಿಕೊಂಡು ಓಡಿಸಿದರೆ ನೆನಪಿರುವುದು ಸೊಂಟ ನೋವು ಮಾತ್ರ. ಮೊದಲ ರಾತ್ರಿ ಉಡುಪಿಯಲ್ಲಿ ಉಳಿಯಿರಿ, ಎರಡನೆಯದು ಗೋಕರ್ಣದಲ್ಲೋ ಕುಮಟಾದಲ್ಲೋ.

ಮಳೆ ಮುಗಿದ ಮೇಲೆ ಹೊರಡಿ, ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ಘಾಟಿಯ ಕಥೆ 2018ರ ಭೂಕುಸಿತ ನೋಡಿದವರಿಗೆ ನಾನು ಹೇಳಬೇಕಾ? ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೂ ಆಗ ಇರುವುದಿಲ್ಲ. ಕೈಕೆಲಸದ ಹುಚ್ಚು ಇರುವವರು ಆ ದ್ವೀಪ ತಪ್ಪಿಸಬಾರದು. ಅಲ್ಲಿನ ಕಲ್ಲುಕಂಬಗಳು ಯಾರೂ ಕೆತ್ತಿದ್ದಲ್ಲ, ಕಾದ ಲಾವಾ ಆರುತ್ತಾ ಕುಗ್ಗಿ, ಬಿರುಕು ಬಿಟ್ಟು ಆದದ್ದು. ಸಿದ್ದಾಪುರದವರ ಸೌಟಿನಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ, ಕಲ್ಲಿಗಾದರೆ ಜನ ಟಿಕೆಟ್ ತೆಗೆದುಕೊಂಡು ನೋಡ್ತಾರೆ ಅಷ್ಟೇ. ಮರವಂತೆಯಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ರಸ್ತೆ. ಕುಮಟಾ ಹತ್ತಿರ ಮಿರ್ಜಾನ್ ಕೋಟೆಗೂ ಹೋಗಿ. ಮುರುಡೇಶ್ವರ ಮಕ್ಕಳಿಗೆ ಇಷ್ಟ ಆಗುತ್ತದೆ, ನನಗೆ ಗದ್ದಲ ಜಾಸ್ತಿ ಅನ್ನಿಸಿತು.

ಕಡಲತೀರದಲ್ಲಿ ಸಿಕ್ಕಿದ ಕಟ್ಟಿಗೆ ತುಂಡು, ಚಿಪ್ಪು ತಂದಿದ್ದೇನೆ. ದೀಪದ ಕಂಬ ಮಾಡಬಹುದಾ?
– ಓದುಗರು, ಗೋಣಿಕೊಪ್ಪ

ಮೊದಲು ಸಿಹಿನೀರಲ್ಲಿ ಕೆಲವು ದಿನ ಮುಳುಗಿಸಿಡಿ, ದಿನಾ ನೀರು ಬದಲಿಸಿ. ಉಪ್ಪು ಒಳಗೇ ಉಳಿದರೆ ನಮ್ಮ ಮಳೆಗಾಲದಲ್ಲಿ ಕಟ್ಟಿಗೆ ಬೆವರುತ್ತಲೇ ಇರುತ್ತದೆ, ಹೋಲ್ಡರ್ ತುಕ್ಕು ಹಿಡಿಯುತ್ತದೆ. ಸಂದಿಯ ಮರಳನ್ನು ಬ್ರಷ್‌ನಿಂದ ತೆಗೆಯದೆ ಉಳಿ ಹಾಕಬೇಡಿ, ಉಳಿಯ ಹರಿತ ಹೋಗುತ್ತದೆ. ಚಿಪ್ಪಿನ ವಿಷಯದಲ್ಲಿ ಹುಷಾರು: ಕೆಲವು ಜಾತಿಯ ಶಂಖ, ಚಿಪ್ಪು, ಎಲ್ಲಾ ಹವಳ ವನ್ಯಜೀವಿ ಕಾಯ್ದೆಯಡಿ ಬರುತ್ತವೆ. ಗುರುತು ಗೊತ್ತಿಲ್ಲದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಸಂಪಾಜೆ ತಿರುವುಗಳಲ್ಲಿ ಮಗಳಿಗೆ ವಾಂತಿ. ಏನು ಮಾಡೋದು?
– ಓದುಗರು, ನಾಪೋಕ್ಲು

ಇದು ಮರಗೆಲಸದ ಅಂಕಣ, ಆದರೂ ಹೇಳ್ತೇನೆ. ಹೊಟ್ಟೆ ತುಂಬಾ ತಿನ್ನಿಸಬೇಡಿ, ಪೂರ್ತಿ ಖಾಲಿಯೂ ಬೇಡ. ಮೊಬೈಲ್ ಕೊಡಬೇಡಿ. ಕಿಟಕಿ ಸ್ವಲ್ಪ ಇಳಿಸಿ, ದೂರದ ಬೆಟ್ಟ ನೋಡು ಅನ್ನಿ. ಮತ್ತೆ ತಿರುವಿನಲ್ಲಿ ಬ್ರೇಕ್ ಒತ್ತುವುದನ್ನು ಅಪ್ಪ ಕಡಿಮೆ ಮಾಡಲಿ, ತಿರುವಿಗೆ ಮೊದಲೇ ನಿಧಾನ ಮಾಡಿಕೊಂಡರೆ ಹಿಂದೆ ಕೂತವರಿಗೆ ಅರ್ಧ ಸುಸ್ತು ಕಡಿಮೆ.