ಮೆಡಿಚಿ ಥ್ರಿಲ್ಲರ್: ಬ್ಯಾಂಕಿನ ಪುಟ ಹಾರಿಸಿದರೆ ಕೊಲೆ ಅರ್ಥ ಆಗಲ್ಲ

ಎಲ್ಲರಿಗೂ ನಮಸ್ಕಾರ. ಇಟಲಿಯ ಫ್ಲಾರೆನ್ಸಿನ ಮೆಡಿಚಿ ಬ್ಯಾಂಕ್ ಮನೆತನದ ಮೇಲಿನ, ನಮ್ಮ ಓದುಬಳಗದ ಈ ತಿಂಗಳ ಥ್ರಿಲ್ಲರ್ ಬಗ್ಗೆ ಬಂದ ಅಭಿಪ್ರಾಯಗಳನ್ನೆಲ್ಲ ಓದಿದೆ. ಸಿಂಧನೂರಿನ ಸರ್, ಮೊದಲ ನೂರು ಪುಟದ ಬ್ಯಾಂಕ್ ವ್ಯವಹಾರ ಬೇಸರ ತರಿಸುತ್ತದೆ, ಹಾರಿಸಿ ಓದಬಹುದಾ ಅಂತ ಕೇಳಿದ್ದಾರೆ. ಸಿರುಗುಪ್ಪದ ಅಕ್ಕನವರಿಗೆ ಚರ್ಚಿನೊಳಗೆ ಪೂಜೆ ಹೊತ್ತಿನಲ್ಲೇ ಕೊಲೆ ಅನ್ನುವುದು ತೀರಾ ಸಿನಿಮಾ ಥರ ಕಂಡಿದೆ. ಗಂಗಾವತಿಯ ತಮ್ಮನಿಗೆ ಹೆಸರುಗಳ ಗೊಂದಲ. ಮಾನ್ವಿಯ ಗುರುಗಳು, ಇದಕ್ಕೂ ನಮ್ಮ ಕಡೆಗೂ ಏನು ಸಂಬಂಧ ಅಂದಿದ್ದಾರೆ. ಒಂದೊಂದಕ್ಕೂ ಉತ್ತರ ಬರೆಯುತ್ತೇನೆ, ಉದ್ದ ಆಗುತ್ತದೆ, ಬಿಡುವಾದಾಗ ಓದಿರಿ.

ಸರ್, ದಯವಿಟ್ಟು ಆ ಪುಟಗಳನ್ನು ಹಾರಿಸಬೇಡಿ. 1478ರಲ್ಲಿ ಪಾತ್ಸಿ ಎಂಬ ಎದುರಾಳಿ ಬ್ಯಾಂಕ್ ಮನೆತನದವರು ಮೆಡಿಚಿ ಮನೆಯ ಯಜಮಾನ ಲೊರೆಂಜೊ, ಅವನ ತಮ್ಮ ಜೂಲಿಯಾನೊ ಇಬ್ಬರನ್ನೂ ಕೊಲ್ಲಲು ಹೂಡಿದ ಸಂಚಿನ ಕಾರಣ ಪೂರ್ತಿ ಆ ಲೆಕ್ಕದಲ್ಲೇ ಇದೆ. ಅಲ್ಲಿ ತಿಳಿಯಬೇಕಾದದ್ದು ಮೂರೇ ಸಂಗತಿ: ಹುಂಡಿ, ಇಮೋಲಾ ಎಂಬ ಊರು ಕೊಳ್ಳುವ ಸಾಲ, ಪಟಕ (ಬಟ್ಟೆಗೆ ಬಣ್ಣ ಹಿಡಿಸುವ ಆಲಮ್).

ಮೊದಲು ಹುಂಡಿ. ಕಾಣಿಕೆ ಡಬ್ಬಿ ಅಲ್ಲ, ಇಂಥ ಊರಲ್ಲಿ ಇಂಥ ದಿನ ಇಷ್ಟು ಹಣ ಕೊಡಬೇಕು ಅಂತ ಬರೆದ ವ್ಯಾಪಾರದ ಚೀಟಿ. ಆ ಕಾಲದ ಚರ್ಚ್ ಬಡ್ಡಿಯನ್ನು ಪಾಪ ಅಂತ ನಿಷೇಧಿಸಿತ್ತು. ಕೊಟ್ಟ ಸಾಲಕ್ಕಿಂತ ಹೆಚ್ಚಿಗೆ ವಾಪಸ್ ತಗೊಂಡರೆ ಅದು ಬಡ್ಡಿ. ಒಂದೂರಲ್ಲಿ ಒಂದು ನಾಣ್ಯ ಕೊಟ್ಟು ಇನ್ನೊಂದೂರಲ್ಲಿ ಇನ್ನೊಂದು ನಾಣ್ಯ ತಗೊಂಡರೆ ಅದು ವಿನಿಮಯ, ಅದಕ್ಕೆ ಅಡ್ಡಿ ಇಲ್ಲ. ಬ್ಯಾಂಕಿನವರ ಲಾಭ ಈ ಸಂದಿಯಲ್ಲಿತ್ತು. ಫ್ಲಾರೆನ್ಸಿನಿಂದ ಬ್ರೂಗ್ಸ್‌ಗೆ ಬರೆದ ಹುಂಡಿಗೆ ಎರಡು ತಿಂಗಳ ಮುದ್ದತ್ತು, ಲಂಡನ್ನಿಗಾದರೆ ಮೂರು ತಿಂಗಳು. ಲೆಕ್ಕ ತಿಳಿಯಲಿಕ್ಕೆ ಊಹೆಯ ದರ ಇಟ್ಟುಕೊಳ್ಳೋಣ. ಫ್ಲಾರೆನ್ಸಿನಲ್ಲಿ ಒಂದು ಫ್ಲೋರಿನ್‌ಗೆ (ಅಲ್ಲಿಯ ಬಂಗಾರದ ನಾಣ್ಯ) 47 ಇಂಗ್ಲಿಷ್ ಪೆನ್ಸ್, ಲಂಡನ್ನಿನಲ್ಲಿ ಅದೇ ಫ್ಲೋರಿನ್‌ಗೆ 44 ಪೆನ್ಸ್. ವ್ಯಾಪಾರಿಗೆ ಬ್ಯಾಂಕು ಇಲ್ಲಿ 1000 ಫ್ಲೋರಿನ್ ಕೊಡುತ್ತದೆ. ಮೂರು ತಿಂಗಳ ಮೇಲೆ ಲಂಡನ್ನಿನಲ್ಲಿ ಅವನ ಕಡೆಯವರು 47,000 ಪೆನ್ಸ್ ಕಟ್ಟುತ್ತಾರೆ. ಬ್ಯಾಂಕಿನ ಲಂಡನ್ ಶಾಖೆ ಅದನ್ನೇ 44ರ ದರದಲ್ಲಿ ವಾಪಸ್ ಹುಂಡಿ ಬರೆಯುತ್ತದೆ. ಇನ್ನು ಮೂರು ತಿಂಗಳಿಗೆ ಫ್ಲಾರೆನ್ಸಿನಲ್ಲಿ ಕೈಗೆ ಬರುವುದು 1068 ಫ್ಲೋರಿನ್. ಆರು ತಿಂಗಳಿಗೆ 68 ಫ್ಲೋರಿನ್ ಮಿಕ್ಕಿತು, ಪುಸ್ತಕದಲ್ಲಿ ಬಡ್ಡಿ ಅನ್ನುವ ಕಾಲಮ್ಮೇ ಇಲ್ಲ. ನಡುವೆ ದರ ತಿರುಗಿಬಿದ್ದರೆ ಬ್ಯಾಂಕಿಗೆ ನಷ್ಟವೂ ಆಗಬಹುದು, ಅದಕ್ಕೇ ಧರ್ಮಶಾಸ್ತ್ರಿಗಳು ಇದನ್ನು ಒಪ್ಪಿದ್ದು. ಹತ್ತಿ, ಶೇಂಗಾ ವ್ಯಾಪಾರದ ಹಳೇ ಕಿರ್ದಿ-ಖಾತೆ ನೋಡಿದವರಿಗೆ ನಮ್ಮ ಮುದ್ದತ್ತಿನ ಹುಂಡಿ ಗೊತ್ತೇ ಇರುತ್ತದೆ. ನಮ್ಮಲ್ಲಿ ಮುದ್ದತ್ತಿನ ಹಣ ಎದುರಿಗೇ ಮುರಿದುಕೊಳ್ಳುತ್ತಿದ್ದರು, ಅಲ್ಲಿ ಅದು ನಾಣ್ಯದ ದರದೊಳಗೆ ಅಡಗಿರುತ್ತಿತ್ತು. ಠೇವಣಿಯೂ ಹಾಗೇ. ಕಾರ್ಡಿನಲ್‌ಗಳು ಗುಟ್ಟಾಗಿ ಹಣ ಇಡುತ್ತಿದ್ದರು, ವರ್ಷದ ಕೊನೆಗೆ ಬ್ಯಾಂಕು ತನ್ನ ಇಷ್ಟದ ಪ್ರಕಾರ ಒಂದು ಉಡುಗೊರೆ ಕೊಡುತ್ತಿತ್ತು.

ಈ ಲೆಕ್ಕ ಕೈಗೆ ಬಂದ ಮೇಲೆ, ಲೊರೆಂಜೊ ಆಗ ಭಾರೀ ಶ್ರೀಮಂತ ಅನ್ನುವ ಕಾದಂಬರಿಯ ಮಾತನ್ನು ಪರೀಕ್ಷಿಸಬಹುದು. ಜೋವಾನ್ನಿ ದಿ ಬಿಚ್ಚಿ 1397ರಲ್ಲಿ ಬ್ಯಾಂಕ್ ಶುರು ಮಾಡಿದ, ಮಗ ಕೋಸಿಮೊ ಬೆಳೆಸಿದ. ಕೋಸಿಮೊನ ಮೊಮ್ಮಗ ಲೊರೆಂಜೊನ ಕಾಲಕ್ಕೆ ಅದು ಒಳಗಿಂದ ಟೊಳ್ಳಾಗುತ್ತಿತ್ತು. ಪ್ರತಿ ಶಾಖೆಯೂ ಬೇರೆ ಪಾಲುದಾರಿಕೆ, ಮ್ಯಾನೇಜರೇ ಅಲ್ಲಿಯ ಕಿರಿಯ ಪಾಲುದಾರ. ಮೇಲಿಂದ ಬಿಗಿಯಾಗಿ ನೋಡುವವರು ಇರುವತನಕ ಈ ಪದ್ಧತಿ ಚೆನ್ನಾಗಿ ನಡೆಯಿತು, ಸಡಿಲ ಬಿಟ್ಟಾಗ ಕೆಟ್ಟಿತು. ಉಣ್ಣೆ ರಫ್ತಿನ ಪರವಾನಗಿ ಬೇಕು ಅಂತ ಲಂಡನ್ ಶಾಖೆ ರಾಜ ನಾಲ್ಕನೇ ಎಡ್ವರ್ಡ್‌ಗೆ ಸಾಲದ ಮೇಲೆ ಸಾಲ ಕೊಟ್ಟಿತು. ಬ್ರೂಗ್ಸ್ ಶಾಖೆಯ ಮ್ಯಾನೇಜರ್ ಪೋರ್ತಿನಾರಿ ಬರ್ಗಂಡಿಯ ದೊರೆ ಚಾರ್ಲ್ಸ್‌ಗೆ ಕೊಟ್ಟ, ಆ ದೊರೆ 1477ರ ಜನವರಿಯಲ್ಲಿ ನಾನ್ಸಿ ಯುದ್ಧದಲ್ಲಿ ಸತ್ತ. ರಾಜರಿಗೆ ಕೊಟ್ಟ ಸಾಲ ವಸೂಲಿ ಮಾಡಲಿಕ್ಕೆ ಯಾವ ಕೋರ್ಟಿಗೆ ಹೋಗುತ್ತೀರಿ? ಹಾಗಾಗಿ 1478ರಲ್ಲಿ ಲೊರೆಂಜೊನ ತಿಜೋರಿ ತುಂಬಿ ತುಳುಕುತ್ತಿತ್ತು ಅಂತ ಯಾವ ಕಾದಂಬರಿ ಬರೆದರೂ ಅದು ತಪ್ಪು. ಬ್ಯಾಂಕು 1494ರಲ್ಲಿ ಮುಚ್ಚಿತು.

ಎರಡನೆಯದು ಇಮೋಲಾ. ಪೋಪ್ ನಾಲ್ಕನೇ ಸಿಕ್ಸ್ಟಸ್ ತನ್ನ ಸಂಬಂಧಿ ಜಿರೋಲಮೊ ರಿಯಾರಿಯೊಗೆ ಇಮೋಲಾ ಊರು ಕೊಡಿಸಬೇಕು ಅಂದ. ಬೆಲೆ ಸುಮಾರು 40 ಸಾವಿರ ಡ್ಯೂಕಾಟ್. ಒಂದು ಡ್ಯೂಕಾಟ್‌ನಲ್ಲಿ ಮೂರೂವರೆ ಗ್ರಾಂ ಬಂಗಾರ, ಅಂದರೆ 140 ಕಿಲೋ ಬಂಗಾರದ ಮಾತು. ಕಾದಂಬರಿಯಲ್ಲಿ ಮೊತ್ತ ಬಂದಾಗಲೆಲ್ಲ ಹೀಗೆ ಮೂರೂವರೆಯಿಂದ ಗುಣಿಸಿ ನೋಡಿರಿ, ಅದು ಮದುವೆ ಖರ್ಚೋ ಯುದ್ಧದ ಖರ್ಚೋ ತಕ್ಷಣ ತಿಳಿಯುತ್ತದೆ. ಫ್ಲಾರೆನ್ಸಿನ ದಾರಿಯ ಮೇಲಿನ ಊರು ಪೋಪನ ಕೈಗೆ ಹೋಗುವುದು ಲೊರೆಂಜೊಗೆ ಬೇಡವಾಗಿತ್ತು, ಹಣ ಕೊಡಲಿಲ್ಲ. ಪಾತ್ಸಿ ಮನೆತನದವರು ಕೊಟ್ಟರು. 1474ರಲ್ಲಿ ಪೋಪನ ಖಾತೆ ಮೆಡಿಚಿಗಳಿಂದ ಪಾತ್ಸಿಗಳಿಗೆ ಹೋಯಿತು. ಮೆಡಿಚಿ ಬ್ಯಾಂಕಿನ ಮೊದಲ ದಶಕಗಳ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ರೋಮ್‌ನಿಂದಲೇ ಬರುತ್ತಿತ್ತು ಅನ್ನುವುದು ನೆನಪಿದ್ದರೆ ಈ ಏಟು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಮೂರನೆಯದು ಪಟಕ. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಫ್ಲಾರೆನ್ಸಿನ ಉಸಿರು ಉಣ್ಣೆ ಬಟ್ಟೆ, ಬಟ್ಟೆಗೆ ಬಣ್ಣ ಕೂರಬೇಕಾದರೆ ಪಟಕ ಬೇಕು. ಇಂದಿಗೂ ಸಹಜ ಬಣ್ಣ ಹಾಕುವವರು ಕಿಲೋ ಉಣ್ಣೆಗೆ 100ರಿಂದ 200 ಗ್ರಾಂ ಪಟಕ ಬಿಸಿನೀರಿನಲ್ಲಿ ಕರಗಿಸಿ, ಕುದಿಯಲು ಬಿಡದೆ ಸುಮಾರು ಒಂದು ತಾಸು ಅದರಲ್ಲಿ ಉಣ್ಣೆ ಇಟ್ಟು, ಆಮೇಲೆ ಮಂಜಿಷ್ಠದ ಕೆಂಪಿಗೆ ಹಾಕುತ್ತಾರೆ. ಪಟಕ ಬಿಟ್ಟರೆ ಆ ಕೆಂಪು ಗಟ್ಟಿಯಾಗಿ ಕೂರುವುದಿಲ್ಲ. ಬಳ್ಳಾರಿಯ ಜೀನ್ಸ್ ಕೆಲಸ ಬಲ್ಲವರು ಇಲ್ಲೊಂದು ಪ್ರಶ್ನೆ ಎತ್ತಬಹುದು. ನೀಲಿಗೆ ಪಟಕ ಬೇಡ, ನಿಜ. ನೀಲಿ ಬಣ್ಣ ತೊಟ್ಟಿಯಿಂದ ಎತ್ತಿದ ಮೇಲೆ ಗಾಳಿ ತಾಗಿ ತಾನೇ ನೂಲಿಗೆ ಕಚ್ಚಿಕೊಳ್ಳುತ್ತದೆ. ಆದರೆ ಫ್ಲಾರೆನ್ಸ್ ಹೆಸರು ಮಾಡಿದ್ದು ಕೆಂಪು ಬಟ್ಟೆಗೆ. ಪಟಕ ಮೊದಲು ತುರ್ಕರ ನಾಡಿನಿಂದ ಬರುತ್ತಿತ್ತು. 1460ರ ದಶಕದ ಆರಂಭದಲ್ಲಿ ಪೋಪನ ನೆಲದ ತೋಲ್ಫಾದಲ್ಲಿ ಗಣಿ ಸಿಕ್ಕಿತು, 1466ರಲ್ಲಿ ಅದರ ಮಾರಾಟದ ಗುತ್ತಿಗೆ ಮೆಡಿಚಿಗಳಿಗೆ ಬಂತು, 1476ರಲ್ಲಿ ಪೋಪ್ ಅದನ್ನೂ ಕಿತ್ತು ಪಾತ್ಸಿಗಳಿಗೆ ಕೊಟ್ಟ. ಗಣಿ ಗುತ್ತಿಗೆ ಕೈ ಬದಲಾದರೆ ಊರಿನ ರಾಜಕೀಯ ಹೇಗೆ ಕದಲುತ್ತದೆ ಅಂತ ಬಳ್ಳಾರಿಯವರಿಗೆ ವಿವರಿಸಬೇಕಾಗಿಲ್ಲ.

ಲೊರೆಂಜೊನೂ ಸುಮ್ಮನಿರಲಿಲ್ಲ. ಪಾತ್ಸಿ ಮನೆಯ ಸೊಸೆಗೆ ಅಪ್ಪನಿಂದ ಬರಬೇಕಿದ್ದ ದೊಡ್ಡ ಆಸ್ತಿ, ಹಿಂದಿನಿಂದ ಅನ್ವಯಿಸುವ ಒಂದು ಕಾನೂನಿನಿಂದ ಗಂಡು ವಾರಸುದಾರರ ಪಾಲಾಯಿತು. ಪಾತ್ಸಿಗಳನ್ನು ಬರೀ ದುಷ್ಟರನ್ನಾಗಿ ತೋರಿಸುವ ಕಾದಂಬರಿ ಈ ಪ್ರಸಂಗವನ್ನು ನುಂಗಿಬಿಡುತ್ತದೆ. ಅದು ಇದೆಯಾ ಇಲ್ಲವಾ ಅಂತ ನೋಡಿರಿ, ಲೇಖಕರ ಪ್ರಾಮಾಣಿಕತೆ ಅಳೆಯಲು ನನಗೆ ಇದೇ ಒಳ್ಳೆ ಅಳತೆಗೋಲು.

ಅಕ್ಕನವರೇ, ಇನ್ನು ಚರ್ಚಿನ ಕೊಲೆ. ಅದು ಕಲ್ಪನೆಯಲ್ಲ. 1478ರ ಏಪ್ರಿಲ್ 26, ಭಾನುವಾರ, ಫ್ಲಾರೆನ್ಸಿನ ದೊಡ್ಡ ಚರ್ಚು. ಅಣ್ಣ-ತಮ್ಮ ಇಬ್ಬರನ್ನೂ ಒಟ್ಟಿಗೇ ಮುಗಿಸಬೇಕಿತ್ತು, ಒಬ್ಬ ಉಳಿದರೂ ಜನ ಅವನ ಹಿಂದೆ ನಿಲ್ಲುತ್ತಾರೆ. ಮೊದಲು ಊಟದ ಮನೆಯಲ್ಲಿ ಅಂತ ಯೋಚಿಸಿದ್ದರು, ತಮ್ಮ ಜೂಲಿಯಾನೊ ಮೈ ಸರಿಯಿಲ್ಲ ಅಂತ ಬರಲಿಲ್ಲ. ಹಾಗಾಗಿ ಜಾಗ ಚರ್ಚಿಗೆ ಬದಲಾಯಿತು, ಯೋಜನೆ ಕೆಟ್ಟಿದ್ದೂ ಅಲ್ಲಿಯೇ. ಲೊರೆಂಜೊನನ್ನು ಕೊಲ್ಲಬೇಕಿದ್ದವನು ಮೊಂತೆಸೆಕ್ಕೊ ಎಂಬ ಪಳಗಿದ ಸೈನಿಕ. ದೇವರ ಮುಂದೆ ಕೊಲ್ಲಲಾರೆ ಅಂತ ಅವನು ಹಿಂದೆ ಸರಿದ. ಅವನ ಬದಲು ಇಬ್ಬರು ಪಾದ್ರಿಗಳು ಕತ್ತಿ ಹಿಡಿದರು. ಅದರಲ್ಲಿ ಒಬ್ಬ ಇರಿಯುವ ಮುಂಚೆ ಲೊರೆಂಜೊನ ಭುಜದ ಮೇಲೆ ಕೈ ಇಟ್ಟ. ಅಷ್ಟು ಸಾಕಾಯಿತು, ಅವನು ತಿರುಗಿದ, ಕತ್ತಿನ ಮೇಲೆ ಗಾಯವಷ್ಟೇ ಆಯಿತು, ಪಕ್ಕದ ಕೋಣೆಗೆ ಓಡಿ ಕಂಚಿನ ಬಾಗಿಲು ಹಾಕಿಕೊಂಡ. ಜೂಲಿಯಾನೊಗೆ 19 ಗಾಯ. ಫ್ರಾಂಚೆಸ್ಕೊ ಪಾತ್ಸಿ ಇರಿಯುವ ಆವೇಶದಲ್ಲಿ ತನ್ನ ತೊಡೆಗೇ ಚುಚ್ಚಿಕೊಂಡ.

ಅದೇ ಹೊತ್ತಿಗೆ ಆರ್ಚ್‌ಬಿಷಪ್ ಸಾಲ್ವಿಯಾತಿ ಸರ್ಕಾರಿ ಅರಮನೆ ಹಿಡಿಯಲು ಹೋಗಿದ್ದ. ಅವನ ಕಡೆಯವರು ಹೊಕ್ಕ ಕೋಣೆಯ ಬಾಗಿಲು ತಾನೇ ಬೀಗ ಬೀಳುವಂಥದ್ದು, ಒಳಗೇ ಸಿಕ್ಕಿಬಿದ್ದರು. ಆ ದಿನವೇ ಕಿಟಕಿಗೆ ನೇಣು. ಪುಸ್ತಕದಲ್ಲಿ ಅತ್ಯಂತ ನಂಬಲಾಗದ್ದು ಅನಿಸುವ ಈ ಭುಜದ ಕೈ, ಈ ಬೀಗ, ಎಲ್ಲ ದಾಖಲೆಯಲ್ಲಿವೆ. ಮೊಂತೆಸೆಕ್ಕೊನ ತಪ್ಪೊಪ್ಪಿಗೆಯೂ ಉಳಿದಿದೆ. ಯಾರ ಸಾವೂ ನನಗೆ ಬೇಡ, ಸರ್ಕಾರ ಮಾತ್ರ ಬದಲಾಗಲಿ ಅಂತ ಪೋಪ್ ಹೇಳಿದ್ದು ಅದರಲ್ಲೇ ಬರುತ್ತದೆ. ಸಾವಿಲ್ಲದೆ ಅದು ಆಗದು ಅಂತ ಪೋಪನ ಎದುರಿಗಿದ್ದ ಎಲ್ಲರಿಗೂ ಗೊತ್ತು. ಇಡೀ ಕಥೆಯ ಎದೆ ಅದೇ ಮಾತುಕತೆ ಅಂತ ನನ್ನ ಭಾವನೆ, ಲೇಖಕರು ಅದಕ್ಕೆ ಇನ್ನೂ ಜಾಗ ಕೊಡಬೇಕಿತ್ತು.

ತಮ್ಮಾ, ಹೆಸರಿಗೆ ಒಂದು ಹಾಳೆ ಇಟ್ಟುಕೋ. ಫ್ರಾಂಚೆಸ್ಕೊ ಅನ್ನುವವರೇ ನಾಲ್ವರು: ಪಾತ್ಸಿ ಕೊಲೆಗಾರ, ಸಾಲ್ವಿಯಾತಿ ಆರ್ಚ್‌ಬಿಷಪ್, ಸಾಸೆತ್ತಿ ಬ್ಯಾಂಕಿನ ಮುಖ್ಯ ಮ್ಯಾನೇಜರ್, ನೋರಿ ಲೊರೆಂಜೊನ ಸ್ನೇಹಿತ, ಅವನೂ ಚರ್ಚಿನಲ್ಲೇ ಸತ್ತ. ಮೊದಲ ಹೆಸರು ಬಿಡು, ಮನೆತನದ ಹೆಸರು ಹಿಡಿ. ಗುಲ್ಯೆಲ್ಮೊ ಪಾತ್ಸಿಯ ಹೆಂಡತಿ ಲೊರೆಂಜೊನ ಅಕ್ಕ, ಅದಕ್ಕೇ ಅವನ ಜೀವ ಉಳಿಯಿತು. ಇಸವಿ ತಾಳೆ ನೋಡುವಾಗ ಇನ್ನೊಂದು ಎಚ್ಚರ. ಫ್ಲಾರೆನ್ಸಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಜನವರಿಯಿಂದ ಆ ದಿನದವರೆಗಿನ ಹಳೇ ಪತ್ರಗಳಲ್ಲಿ ಇಸವಿ ಒಂದು ಕಡಿಮೆ ಇರುತ್ತದೆ.

ಯಾವುದೇ ಮೆಡಿಚಿ ಪುಸ್ತಕ ಕೈಗೆತ್ತಿಕೊಂಡರೂ ಮೊದಲು ಪ್ರಕಟಣೆಯ ವರ್ಷ ನೋಡಿರಿ. ಬ್ಯಾಂಕಿನ ಗುಪ್ತ ಲೆಕ್ಕದ ಪುಸ್ತಕಗಳು ಸಿಕ್ಕಿದ್ದೇ 1950ರಲ್ಲಿ. ಉರ್ಬಿನೊದ ದೊರೆ ಫೆದೆರಿಗೊ ಬರೆಸಿದ ಸಂಕೇತಲಿಪಿಯ ಪತ್ರವನ್ನು ಓದಿ ಬಿಡಿಸಿದ್ದು ಈ ಶತಮಾನದಲ್ಲಿ. ಅದರಿಂದ ಅವನೂ ಸಂಚಿನಲ್ಲಿದ್ದ, ಹೊರಗೆ ಸೈನ್ಯ ಸಿದ್ಧವಾಗಿಟ್ಟಿದ್ದ ಅಂತ ಗೊತ್ತಾಯಿತು. ಹಳೇ ಕಾದಂಬರಿಗಳಲ್ಲಿ ಅವನು ಸಜ್ಜನನಾಗಿಯೇ ಬಂದಿದ್ದರೆ ಅದು ಲೇಖಕರ ತಪ್ಪಲ್ಲ.

ಗುರುಗಳೇ, ನಮ್ಮ ಕಡೆಯ ಸಂಬಂಧ ಖಂಡಿತ ಇದೆ. ವೆನಿಸ್ ಕಡೆಯ ನಿಕೊಲೊ ಕೊಂಟಿ 1420ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ. ಬೆಟ್ಟಗಳ ನಡುವಿನ, ಅರವತ್ತು ಮೈಲಿ ಸುತ್ತಳತೆಯ ಊರು ಅಂತ ಅವನು ಹೇಳಿದ್ದನ್ನು ಲ್ಯಾಟಿನ್‌ನಲ್ಲಿ ಬರೆದಿಟ್ಟವನು ಪೋಪನ ಕಾರ್ಯದರ್ಶಿ ಪೋಜ್ಜೊ ಬ್ರಾಚೊಲಿನಿ, ಮುಂದೆ ಫ್ಲಾರೆನ್ಸಿನ ಚಾನ್ಸಲರ್ ಆದವನು, ಕೋಸಿಮೊನ ಗೆಳೆಯ. ಅವನ ಮಗ ಯಾಕೊಪೊ ಬ್ರಾಚೊಲಿನಿ ಆರ್ಚ್‌ಬಿಷಪ್ ಜೊತೆ ಅರಮನೆಗೆ ಹೋಗಿ ಅಂದೇ ನೇಣಿಗೇರಿದ. ಹಂಪಿಯ ಬಗ್ಗೆ ಯುರೋಪಿನವರಿಗೆ ಸಿಕ್ಕ ಮೊದಮೊದಲ ವರ್ಣನೆ ಬರೆದ ಮನೆಯವನೇ ಈ ಸಂಚಿನಲ್ಲಿದ್ದ.

ಭಾನುವಾರ ಸೇರುವಾಗ ಎಲ್ಲರೂ ಎರಡು ಭಾಗ ಇನ್ನೊಮ್ಮೆ ಓದಿಕೊಂಡು ಬರ್ರಿ: ಇಮೋಲಾ ಸಾಲ ಕೇಳುವ ಭಾಗ, ಮೊಂತೆಸೆಕ್ಕೊ ಹಿಂದೆ ಸರಿಯುವ ಭಾಗ. ಸಿಂಧನೂರಿನ ಸರ್, ಹುಂಡಿಯ ಲೆಕ್ಕ ಒಂದು ಹಾಳೆಯಲ್ಲಿ ದರ ಬದಲಿಸಿ ಮಾಡಿ ನೋಡಿರಿ. ಲಂಡನ್ನಿನ ದರ 44ರ ಬದಲು 48 ಆದರೆ ಬ್ಯಾಂಕಿಗೆ ಎಷ್ಟು ನಷ್ಟ ಅಂತ ನೀವೇ ಹೇಳ್ರಿ, ಅಲ್ಲಿಂದಲೇ ಚರ್ಚೆ ಶುರು ಮಾಡೋಣ.