ಕ್ಯಾಮೆರಾ ಬದಲಿಸಬೇಕೇ ಎಂದು ಕೇಳಲು ಬಂದವರು

ಇವರಿಗೆ ನಲವತ್ತರ ಆಸುಪಾಸು. ಗದಗ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ಫೋಟೊ ಸ್ಟುಡಿಯೊ ಇದೆ. ಗುರುತು ಸಿಗದಂತೆ ಕೆಲವು ವಿವರಗಳನ್ನೂ ಹಣದ ಮೊತ್ತಗಳನ್ನೂ ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ನಿದ್ದೆ ಬರುತ್ತಿಲ್ಲ ಎಂದು ಊರಿನ ವೈದ್ಯರಿಗೆ ತೋರಿಸಿದ್ದರು. ರಕ್ತದೊತ್ತಡ, ಸಕ್ಕರೆ ಎಲ್ಲ ಸರಿಯಿದ್ದುದರಿಂದ ವೈದ್ಯರು ಧಾರವಾಡಕ್ಕೆ, ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕಳುಹಿಸಿದರು. ನಿದ್ದೆ ಕೆಡಿಸುತ್ತಿರುವುದು ಏನು ಎಂದು ಕೇಳಿದೆ. “ಹೇಳಿದರೆ ನಗುತ್ತೀರಿ ಮೇಡಂ. ಒಂದು ಕ್ಯಾಮೆರಾ” ಎಂದರು.

ನಗುವಂಥದ್ದೇನೂ ಇರಲಿಲ್ಲ. ಇಂಥ ಪ್ರಶ್ನೆಗಳನ್ನು ‘ವಸ್ತುವಿನ ಮೋಹ’ ಎಂದು ತಳ್ಳಿಹಾಕುವ ಆಪ್ತಸಲಹೆಗಾರರನ್ನು ನಾನು ಕಂಡಿದ್ದೇನೆ, ನನಗದು ಒಪ್ಪಿಗೆಯಿಲ್ಲ. ಕಸುಬಿನವನಿಗೆ ತನ್ನ ಉಪಕರಣದ ಮೇಲೆ ಆಸೆ ಇರುವುದು ರೋಗವಲ್ಲ. ಆ ಆಸೆ ರಾತ್ರಿ ಎರಡರವರೆಗೆ ಮೊಬೈಲಿನಲ್ಲಿ ಕ್ಯಾಮೆರಾ ವಿಮರ್ಶೆಯ ವಿಡಿಯೊ ನೋಡಿಸುತ್ತಿದೆ ಎಂದಾಗ ಅದರ ಬೆನ್ನಿಗೆ ಇನ್ನೇನಿದೆ ಎಂದು ಕೇಳಬೇಕಾಗುತ್ತದೆ.

ಕ್ಯಾಮೆರಾದ ಬಗ್ಗೆ ನನಗೆ ಗೊತ್ತಿದ್ದುದು ಕಡಿಮೆ. ಅದು ಅನುಕೂಲವೇ ಆಯಿತು. ಎಲ್ಲವನ್ನೂ ನನಗೆ ಬಿಡಿಸಿ ಹೇಳಿ ಎಂದೆ. ಅವರ ಬಳಿ ಇರುವುದು 2014ರಲ್ಲಿ ಬಂದ ನಿಕಾನ್ ಡಿ750. ಕಣ್ಣಿಟ್ಟಿರುವುದು ಅದೇ ಕಂಪನಿಯ ಝಡ್6ರ ಎರಡನೇ ಆವೃತ್ತಿಯ ಮೇಲೆ. 2020ರಲ್ಲಿ ಬಂದ, ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ. ಎರಡೂ ಸುಮಾರು 24 ಮೆಗಾಪಿಕ್ಸೆಲ್‌ನವು. “ಹಾಗಾದರೆ ಆಲ್ಬಮ್‌ನಲ್ಲಿ ಏನು ವ್ಯತ್ಯಾಸ?” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿಡಿಸಿದಾಗ 12-36 ಇಂಚು ಆಗುವ ಆಲ್ಬಮ್‌ನ ಒಂದು ಪುಟ 18 ಇಂಚು ಅಗಲ, ಹಳೆಯ ಕ್ಯಾಮೆರಾದ ಚಿತ್ರ ಆರು ಸಾವಿರ ಚುಕ್ಕೆ ಅಗಲ, ಇಂಚಿಗೆ ಮುನ್ನೂರಕ್ಕೂ ಹೆಚ್ಚು ಬೀಳುತ್ತದೆ, ಮುದ್ರಣಕ್ಕೆ ಅಷ್ಟು ಧಾರಾಳವಾಗಿ ಸಾಕು ಎಂದು ಲೆಕ್ಕ ಹಾಕಿ ತೋರಿಸಿದರು. ಗಿರಾಕಿಯ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ ಎಂದೂ ತಾವೇ ಹೇಳಿದರು.

ನಿಜವಾದ ವ್ಯತ್ಯಾಸ ಬೇರೆಡೆ ಇತ್ತು. ಡಿ750ರಲ್ಲಿ ಫೋಕಸ್ ಬಿಂದುಗಳು, ಅಂದರೆ ಕ್ಯಾಮೆರಾ ತಾನಾಗಿ ಫೋಕಸ್ ಹಿಡಿಯಬಲ್ಲ ಜಾಗಗಳು, 51 ಇದ್ದರೂ ಎಲ್ಲ ಚೌಕಟ್ಟಿನ ನಡುವೆ ಗುಂಪುಗೂಡಿವೆ. ಹೊಸದರಲ್ಲಿ ಅವು ಬಹುತೇಕ ಅಂಚಿನವರೆಗೂ ಹರಡಿವೆ, ಜೊತೆಗೆ ಅದು ಮನುಷ್ಯರ ಕಣ್ಣನ್ನು ಗುರುತು ಹಿಡಿದು ಹಿಂಬಾಲಿಸುತ್ತದೆ. ಅಕ್ಕಿಕಾಳು ಬೀಳುವ ಆ ಅರ್ಧ ನಿಮಿಷದಲ್ಲಿ ನೂರು ಕೈಗಳು ಅಡ್ಡ ಬರುವಾಗ ಇದರ ಬೆಲೆ ಏನೆಂದು ಅವರು ವರ್ಣಿಸಿದ ರೀತಿಗೆ ನಾನೇ ಒಂದು ಕೊಂಡುಬಿಡಬೇಕು ಎನಿಸಿತು. ವಿಡಿಯೊದ ವಿಷಯವಂತೂ ಸ್ಪಷ್ಟ: ಹಳೆಯದು 1080 ಎಂಬ ಗುಣಮಟ್ಟಕ್ಕೇ ನಿಲ್ಲುತ್ತದೆ, ಹೊಸದು ಅದಕ್ಕಿಂತ ಹೆಚ್ಚು ಸ್ಪಷ್ಟವಾದ 4ಕೆ ಕೊಡುತ್ತದೆ. ಹಿಂದಿನ ಕಾರ್ತಿಕದಲ್ಲಿ ಎರಡು ಮನೆಯವರು 4ಕೆ ಇಲ್ಲವೆಂದು ಬೇರೆಯವರನ್ನು ಗೊತ್ತು ಮಾಡಿದ್ದರು.

ಮುಂದಿನ ಭೇಟಿಗೆ ಹೆಂಡತಿಯನ್ನೂ ಕರೆತರಲು ಹೇಳಿದೆ. ಸ್ಟುಡಿಯೊದ ಲೆಕ್ಕ, ಮುಂಗಡ, ಫೋನು ಎಲ್ಲ ನೋಡಿಕೊಳ್ಳುವವರು ಅವರು. ಡಿ750 ಕೊಂಡಾಗ ತಮ್ಮ ಪಾಟಲಿ ಅಡವಿಟ್ಟವರೂ ಅವರೇ. ಹಾಗಾಗಿ ಈ ಸಲ ವಿರೋಧಿಸುತ್ತಾರೆ ಎಂದು ಗಂಡ ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಆಕೆ ವಿರೋಧಿಸಲಿಲ್ಲ. ಅವರು ಕೇಳಿದ್ದು ಒಂದೇ: “ಈಗಿನದು ಸೆಕೆಂಡಿಗೆ ಆರೂವರೆ ಫೋಟೊ ತೆಗೆಯುತ್ತದಂತೆ, ಹೊಸದು ಹದಿನಾಲ್ಕು. ಆರಿಸುವವರು ಯಾರು ಮೇಡಂ? ಈಗಲೇ ವೈಶಾಖದ ಮದುವೆಯ ಆಲ್ಬಮ್ ಕೊಟ್ಟಿಲ್ಲ. ಹುಡುಗಿಯ ಸೀಮಂತವೂ ಆಗುತ್ತಿದೆ, ಫೋನು ಎತ್ತುವವಳು ನಾನು.”

ಗಿರಾಕಿಗಳ ದೂರುಗಳನ್ನು ಬರೆದುಕೊಂಡು ಬರಲು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ್ದೆ. ಗಂಡನ ಪಟ್ಟಿಯಲ್ಲಿ ಮೇಲಿದ್ದುದು ಕ್ಯಾಮೆರಾ. ಹೆಂಡತಿಯ ಪಟ್ಟಿಯಲ್ಲಿ ಬಹುಪಾಲು ತಡವಾದ ಆಲ್ಬಮ್‌ಗಳು, ಕೆಲವು ವಿಡಿಯೊದವು. ಫೋಟೊ ಚೆನ್ನಾಗಿಲ್ಲ ಎಂಬ ದೂರು ಎರಡರಲ್ಲೂ ಇರಲಿಲ್ಲ. ಆಲ್ಬಮ್ ವಿನ್ಯಾಸವನ್ನು ಹೊರಗೆ ಕೊಡಲು ಗಂಡ ಒಪ್ಪುವುದಿಲ್ಲ. ತನ್ನ ಕೈಯಾಡದೆ ಪುಟ ಹೋಗಬಾರದು ಎಂಬ ಹಟ.

ಇನ್ನೊಂದು ಎಳೆ ಮೂರನೆಯ ಭೇಟಿಯಲ್ಲಿ ಬಿಚ್ಚಿಕೊಂಡಿತು. ಅವರ ಬಳಿಯೇ ಕೆಲಸ ಕಲಿತ ಹುಡುಗನೊಬ್ಬ ಹೊಸ ಮಿರರ್‌ಲೆಸ್ ಕೊಂಡು ಅದೇ ಬೀದಿಯಲ್ಲಿ ಸ್ಟುಡಿಯೊ ತೆರೆದಿದ್ದಾನೆ. ಉದ್ಘಾಟನೆಗೆ ಕರೆದಿದ್ದ, ಇವರು ಹೋಗಲಿಲ್ಲ. ಒಂದು ಕಲ್ಯಾಣ ಮಂಟಪದಲ್ಲಿ ಎದುರಾದಾಗ “ಅಣ್ಣ, ಇನ್ನೂ ಅದನ್ನೇ ಇಟ್ಟುಕೊಂಡಿದ್ದೀರಾ?” ಎಂದನಂತೆ. ಅವನು ಸಲುಗೆಯಿಂದಲೇ ಕೇಳಿರಬಹುದು. ಇವರಿಗೆ ಅಂದಿನಿಂದ ನಿದ್ದೆಯಿಲ್ಲ.

ನನ್ನ ಕೆಲಸ ಇಲ್ಲಿ ಎರಡು ಖಾತೆಗಳನ್ನು ಬೇರ್ಪಡಿಸುವುದಾಗಿತ್ತು. ಕ್ಯಾಮೆರಾ ಕೊಂಡರೆ 4ಕೆ ಬರುತ್ತದೆ, ಫೋಕಸ್ ತಪ್ಪುವುದು ಕಡಿಮೆಯಾಗುತ್ತದೆ. ಆ ಮಾತಿನ ಗಾಯ ಮಾಯುತ್ತದೆಯೇ? ಇದನ್ನು ನೇರವಾಗಿಯೇ ಕೇಳಿದೆ. “ಅವನು ಮುಂದಿನ ವರ್ಷ ಇನ್ನೂ ಹೊಸದನ್ನು ಕೊಂಡರೆ?” ಎಂದೂ ಕೇಳಿದೆ. ಅವರು ಉತ್ತರಿಸಲಿಲ್ಲ, ಆದರೆ ಹಣದ ಮಾತು ತಣ್ಣಗೆ ಆಡಲು ಸಾಧ್ಯವಾದದ್ದು ಆ ನಂತರವೇ.

ಹಣದ ಲೆಕ್ಕ ಹೀಗಿತ್ತು. ಬಾಡಿ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ), ಹಳೆಯ ಲೆನ್ಸ್‌ಗಳನ್ನು ಅದಕ್ಕೆ ಜೋಡಿಸುವ ಅಡಾಪ್ಟರ್, ಒಂದೆರಡು ಹೊಸ ಲೆನ್ಸ್ ಸೇರಿ ಮೂರು ಲಕ್ಷ. ಶೇಕಡಾ 14ರ ಬಡ್ಡಿಯಲ್ಲಿ 24 ಕಂತು ಎಂದರೆ ತಿಂಗಳಿಗೆ ಸುಮಾರು 14,400 ರೂಪಾಯಿ. ಒಟ್ಟು 45 ಸಾವಿರದಷ್ಟು ಹೆಚ್ಚಿಗೆ ಕಟ್ಟಬೇಕು. ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಕಂತಿಗೆ ಪಂಚಾಂಗ ಗೊತ್ತಿಲ್ಲ. ಹುಬ್ಬಳ್ಳಿಯಲ್ಲಿ ಒಬ್ಬರು ಬಿಲ್ ಇಲ್ಲದೆ ಕಡಿಮೆಗೆ ಕೊಡುವುದಾಗಿ ಹೇಳಿದ್ದರು. ಕೂಡದು ಎಂದೆ. ಕ್ಯಾಮೆರಾದ ಮೇಲಿನ ಶೇಕಡಾ 18ರ ಜಿಎಸ್‌ಟಿ ಉಳಿಯಿತು ಎನ್ನಿಸಬಹುದು, ಆದರೆ ಕೆಟ್ಟಾಗ ವಾರಂಟಿ ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ.

ಹಳೆಯ ಲೆನ್ಸ್‌ಗಳೆಲ್ಲ ಅಡಾಪ್ಟರ್ ಹಾಕಿದರೆ ನಡೆಯುತ್ತವೆ ಎಂದು ಹೆಂಡತಿಗೆ ಹೇಳಿದ್ದರು. ಎಲ್ಲವೂ ನಡೆಯುತ್ತವೆಯೇ ಎಂದು ನಾನು ಕೆದಕಿದಾಗ ಇಲ್ಲ ಎಂದರು. ತಮ್ಮೊಳಗೇ ಮೋಟಾರ್ ಇರುವ ಲೆನ್ಸ್‌ಗಳು ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್ ಮೇಲೆ ತಾವಾಗಿ ಫೋಕಸ್ ಮಾಡುತ್ತವೆ. ಕ್ಯಾಮೆರಾದ ಮೋಟಾರನ್ನೇ ನಂಬಿದ ಹಳೆಯ ಡಿ ಮಾದರಿಯವುಗಳಿಗೆ ಕೈಯಿಂದಲೇ ಫೋಕಸ್ ಮಾಡಬೇಕು. ಅವರ ನೆಚ್ಚಿನ 50 ಎಂಎಂ ಮತ್ತು 80-200 ಎರಡೂ ಆ ಜಾತಿಯವು. ಇದು ಅವರಿಗೆ ಮೊದಲಿನಿಂದ ಗೊತ್ತಿತ್ತು. ಲೆಕ್ಕದಲ್ಲಿ ಬರೆದಿರಲಿಲ್ಲ, ಅಷ್ಟೆ. ಹೆಂಡತಿಗೆ ಸಿಟ್ಟು ಬಂದದ್ದು ಕ್ಯಾಮೆರಾದ ಬೆಲೆಗಲ್ಲ, ಈ ಮುಚ್ಚಿಟ್ಟದ್ದಕ್ಕೆ. ಆ ಸಿಟ್ಟು ಪೂರ್ತಿ ಹೊರಬರಲಿ ಎಂದು ನಾನು ನಡುವೆ ಬಾಯಿ ಹಾಕಲಿಲ್ಲ.

ಅವರಿಗೆ ಹೇಳಿದ್ದು ಇಷ್ಟು. ರಾತ್ರಿ ಒಂಬತ್ತರ ನಂತರ ವಿಮರ್ಶೆಯ ವಿಡಿಯೊ ಬೇಡ. ಹೊಸದು ಬಂದಷ್ಟೂ ಹೊಟ್ಟೆ ತುಂಬುವ ವಿಮರ್ಶಕರ ಮಾತು ಕೇಳಿ ಹಳೆಯದರ ಯೋಗ್ಯತೆ ಅಳೆಯಬಾರದು. ಡಿ750ರ ಶಟರ್, ಅಂದರೆ ಚಿತ್ರ ತೆಗೆದಾಗಲೆಲ್ಲ ತೆರೆದು ಮುಚ್ಚುವ ಪರದೆ, ಕಂಪನಿಯವರು ಪರೀಕ್ಷಿಸಿದ ಒಂದೂವರೆ ಲಕ್ಷ ಸಲದ ಎಣಿಕೆ ದಾಟಿತ್ತು. ಅದು ಮರಣದ ದಿನಾಂಕವೇನಲ್ಲ, ಆದರೂ ಮುಹೂರ್ತದ ಹೊತ್ತಿಗೆ ಕೈಕೊಟ್ಟರೆ ಮತ್ತೊಂದು ಸಿದ್ಧವಿರಬೇಕು. ಹಾಗಾಗಿ ಮುಂದಿನ ಒಂದೆರಡು ಮದುವೆಗೆ ಹೊಸ ಮಾದರಿಯನ್ನು ಬಾಡಿಗೆಗೆ ತಂದು, ಹಳೆಯದರ ಜೊತೆಗೆ ಬಳಸಿ, ಮಂಟಪದ ಮಂದ ಬೆಳಕಿನಲ್ಲಿ ಎರಡರ ಚಿತ್ರಗಳನ್ನೂ ಹೆಂಡತಿಯೇ ಆರಿಸಲಿ ಎಂದೆ. ಯಾವುದು ಯಾವ ಕ್ಯಾಮೆರಾದ್ದೆಂದು ಆಕೆಗೆ ಹೇಳಬಾರದು. ಬಾಕಿಯಿದ್ದ ಆಲ್ಬಮ್‌ಗಳನ್ನು ವಿನ್ಯಾಸಕಾರರೊಬ್ಬರಿಗೆ ಕೊಟ್ಟು ಮುಗಿಸುವವರೆಗೆ ಸಾಲದ ಅರ್ಜಿ ಬೇಡ. ಪಾಟಲಿಯ ಮಾತನ್ನು ಆಕೆಯಾಗಿ ಎತ್ತದ ಹೊರತು ಯಾರೂ ಎತ್ತಕೂಡದು.

ಮಾರ್ಗಶಿರದ ಮದುವೆಗಳ ನಂತರ ಬಂದರು. ಆಕೆ ಆರಿಸಿದ ಚಿತ್ರಗಳಲ್ಲಿ ಎರಡೂ ಕ್ಯಾಮೆರಾದವು ಬೆರೆತಿದ್ದವು. ಅಕ್ಕಿಕಾಳಿನ ಚಿತ್ರಗಳು ಮಾತ್ರ ಬಹುತೇಕ ಹೊಸದರವು. ವಿಡಿಯೊದಲ್ಲಿ ಹೋಲಿಕೆಯ ಮಾತೇ ಇರಲಿಲ್ಲ, ಹೊಸದೇ ಮೇಲು. ಆಲ್ಬಮ್‌ಗಳು ಹೋಗಿದ್ದವು, ಉಳಿದಿದ್ದ ಬಾಕಿ ಹಣವೂ ಬಂದಿತ್ತು. ಆ ಹಣಕ್ಕೆ ಚಿಕ್ಕ ಸಾಲ ಸೇರಿಸಿ ಬಾಡಿ ಮತ್ತು ಅಡಾಪ್ಟರ್ ಅಷ್ಟನ್ನೇ ಕೊಳ್ಳುವುದು, ಡಿ750 ಹಾಗೂ ಆ ಎರಡು ಲೆನ್ಸ್‌ಗಳನ್ನು ಜೊತೆಗೇ ಉಳಿಸಿಕೊಳ್ಳುವುದು ಎಂದು ಇಬ್ಬರೂ ತೀರ್ಮಾನಿಸಿದ್ದರು. ಯುಗಾದಿಯವರೆಗೆ ತಡೆಯಬಹುದಿತ್ತು ಎಂಬುದು ನನ್ನ ಅಭಿಪ್ರಾಯ, ಹೇಳಿದೆ ಕೂಡ. ವೈಶಾಖದ ಮುಂಗಡಗಳು ಈಗಲೇ ಬರುತ್ತಿವೆ, 4ಕೆ ಇದೆ ಎಂದು ಹೇಳಲು ಇದೇ ಸಮಯ ಎಂದು ಆಕೆ ಉತ್ತರಿಸಿದರು. ಆ ವ್ಯವಹಾರ ನನಗಿಂತ ಅವರಿಗೆ ಗೊತ್ತು.

ನಿದ್ದೆ ಸುಧಾರಿಸಿದೆ, ಪೂರ್ತಿ ಅಲ್ಲ. ಹುಡುಗನ ಸ್ಟುಡಿಯೊ ಇರುವ ಬದಿಯಿಂದ ಈಗಲೂ ಅವರು ನಡೆಯುವುದಿಲ್ಲ. ಮುಂದಿನ ಭೇಟಿಗಳನ್ನು ಆ ವಿಷಯಕ್ಕೆಂದೇ ಇಟ್ಟುಕೊಂಡಿದ್ದೇವೆ.