ಅವ್ವನ ಮೂರು ಸಾವಿರ

ದಾವಣಗೆರೆಯಿಂದ ಬಂದಿರುವ ಈ ಪತ್ರದಲ್ಲಿ ಕೇಳಿರುವುದು ಗೃಹಪ್ರವೇಶದ ಊಟದ ಬಗ್ಗೆ. ನನಗೆ ಸಿಟ್ಟು ಬಂದದ್ದು ಬೇರೆ ಜಾಗದಲ್ಲಿ. ಆ ಸಿಟ್ಟು ಬರೆದ ಹೆಣ್ಣುಮಗಳ ಮೇಲೆ ಅಲ್ಲವೇ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬರೆದವರಿಗೆ ಮೂವತ್ತೊಂದು ವರ್ಷ. ಹುಟ್ಟೂರು ಚಳ್ಳಕೆರೆ ತಾಲ್ಲೂಕಿನ ಹಳ್ಳಿ. ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕುವ ಕೆಲಸ, ಸಂಬಳ 18,000. ಆರು ವರ್ಷದ ಹಿಂದೆ ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಪಡೆದರು. ಮನೆಯಲ್ಲಿ ಬೇರೆ ಯಾರೂ ವಿಶ್ವಾಸಿಗಳಲ್ಲ. ಅಪ್ಪ ತೀರಿಕೊಂಡಿದ್ದಾರೆ, ಅವ್ವ ತಮ್ಮನ ಜೊತೆ ಇದ್ದಾರೆ. ತಮ್ಮ ಸಾಲ ಸೋಲ ಮಾಡಿ ಮನೆ ಕಟ್ಟಿಸಿದ್ದಾನೆ, ಮುಂದಿನ ತಿಂಗಳು ಗೃಹಪ್ರವೇಶ, "ಅಕ್ಕ ಬರಲಿಲ್ಲ ಅಂದ್ರೆ ನಾನು ಒಳಗೆ ಕಾಲಿಡಲ್ಲ" ಅಂತಿದ್ದಾನೆ. ಇತ್ತ ಬುಧವಾರ ಸಂಜೆಯ ಮನೆಕೂಟ, ಅಂದರೆ ಮನೆಯಲ್ಲಿ ಸೇರುವ ಪ್ರಾರ್ಥನೆಯ ಕೂಟ, ನಡೆಸುವ ಅಣ್ಣ (ಒಡಹುಟ್ಟಿದವರಲ್ಲ, ಕೂಟದ ಮುಖಂಡರು), "ಅವರ ಮಧ್ಯದಿಂದ ಹೊರಟು ಬಂದು ಪ್ರತ್ಯೇಕವಾಗಿರಿ" ಎಂಬ ವಾಕ್ಯವನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಹೋಗಬಹುದೇ? ಹೋದರೆ ಉಣ್ಣಬಹುದೇ? ಪ್ರಸಾದ ಕೈಗೆ ಬಂದರೆ? ಇಷ್ಟು ಪ್ರಶ್ನೆ.

ಆದರೆ ಮೂರನೇ ಪುಟದ ಕೊನೆಯಲ್ಲಿ, ಬ್ರಾಕೆಟ್ ಒಳಗೆ, ಹೀಗೆ ಬರೆದಿದ್ದಾರೆ: "ಮೊದಲು ಅವ್ವಂಗೆ ತಿಂಗಳಾ ಮೂರು ಸಾವಿರ ಕಳಿಸ್ತಿದ್ದೆ. ಜನವರಿಯಿಂದ ಅದನ್ನ ಕೂಟದ ಸೇವೆಗೆ ಕೊಡ್ತಿದೀನಿ. ಅವ್ವನ ಇನ್ನೊಂದು ಕಣ್ಣಿನ ಪೊರೆ ತೆಗೆಸೋದು ಸ್ವಲ್ಪ ಮುಂದಕ್ಕೆ ಹೋಗಿದೆ."

ನೋಡಮ್ಮ, ನಿಮ್ಮ ಪತ್ರ ಇರುವುದು ಇಲ್ಲೇ. ಪ್ರಸಾದದ ವಿಷಯಕ್ಕೆ ಆಮೇಲೆ ಬರೋಣ.

ಸತ್ಯವೇದ (ಬೈಬಲ್) ತೆಗೆದು ಮಾರ್ಕ 7ನೇ ಅಧ್ಯಾಯದ 9ರಿಂದ 13ರವರೆಗೆ ಓದಿ. ಅಲ್ಲಿ ಯೇಸು ಎತ್ತಿಕೊಳ್ಳುವ ಉದಾಹರಣೆ ನಿಮ್ಮದೇ. ಒಬ್ಬನ ಹತ್ತಿರ ತಂದೆತಾಯಿಗೆ ಉಪಯೋಗವಾಗಬೇಕಾದ ಸ್ವತ್ತು ಇದೆ. ಅವನು ಅದರ ಮೇಲೆ "ಕೊರ್ಬಾನ್" ಎಂದುಬಿಡುತ್ತಾನೆ, ಅಂದರೆ ಇದು ದೇವರಿಗೆ ಮೀಸಲು. ಅಲ್ಲಿಗೆ ಹೆತ್ತವರು ಅದನ್ನು ಮುಟ್ಟುವ ಹಾಗಿಲ್ಲ. ಆ ಕಾಲದಲ್ಲಿ ಇದು ಬರೀ ಮಾತಿನ ಮಾತಾಗಿರಲಿಲ್ಲ. ಯೆರೂಸಲೇಮಿನ ಬಳಿ ಸಿಕ್ಕಿರುವ ಒಂದು ಅಸ್ಥಿಪೆಟ್ಟಿಗೆಯ ಮುಚ್ಚಳದ ಮೇಲೆ, ಇದರೊಳಗಿನಿಂದ ಯಾರಿಗಾದರೂ ಏನಾದರೂ ಲಾಭ ಸಿಗುವುದಿದ್ದರೆ ಅದು ದೇವರಿಗೆ ಕೊರ್ಬಾನ್ ಎಂದು ಕೆತ್ತಿದ್ದಾರೆ. ಬೇರೆಯವರು ಕೈ ಹಾಕದಂತೆ ತಡೆಯುವ ಆಣೆ ಅದು. ಈ ಆಣೆಯ ತೊಡಕು ಯೆಹೂದಿ ಗುರುಗಳಿಗೂ ಗೊತ್ತಿತ್ತು: ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿಸಿದ ಮಿಷ್ನ ಎಂಬ ಯೆಹೂದಿ ಕಟ್ಟಳೆಗಳ ಸಂಗ್ರಹದ ನೆದಾರಿಮ್ ಭಾಗದಲ್ಲಿ, ತಂದೆತಾಯಿಯ ಗೌರವದ ಕಾರಣಕ್ಕೆ ಇಂಥ ಹರಕೆಯನ್ನು ಬಿಡಿಸಬಹುದೇ ಎಂಬ ಚರ್ಚೆ ಇದೆ, ಬಿಡಿಸಬಹುದು ಎನ್ನುವ ಗುರುವೂ ಅಲ್ಲಿದ್ದಾರೆ. ಯೇಸು ಚರ್ಚೆಗೆ ಕೂರುವುದಿಲ್ಲ. ನಿಮ್ಮ ಸಂಪ್ರದಾಯದಿಂದ ದೇವರ ಮಾತನ್ನು ಬೆಲೆಯಿಲ್ಲದ್ದಾಗಿ ಮಾಡಿದ್ದೀರಿ ಎಂದು ನೇರವಾಗಿ ಹೇಳುತ್ತಾರೆ. ಹತ್ತು ಆಜ್ಞೆಗಳಲ್ಲಿ ಐದನೆಯದು, ತಂದೆತಾಯಿಯನ್ನು ಗೌರವಿಸು ಎಂಬುದು, ಗಟ್ಟಿ ನಿಲ್ಲಬೇಕು, ಅದಕ್ಕೆ ಅಡ್ಡ ಬರುವ ಕಾಣಿಕೆ ಕಾಣಿಕೆಯೇ ಅಲ್ಲ.

"ಆದರೆ ಅವ್ವ ವಿಶ್ವಾಸಿ ಅಲ್ಲವಲ್ಲ" ಎಂದು ಬರೆದಿದ್ದೀರಿ. ಈ ಮಾತು ನಿಮ್ಮದಲ್ಲ, ಯಾರೋ ನಿಮ್ಮ ಬಾಯಿಗೆ ಇಟ್ಟದ್ದು. ತಿಮೊಥೆಯನಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯ ವಿಧವೆಯರ ಬಗ್ಗೆಯೇ ಇದೆ. 4ನೇ ವಚನದಲ್ಲಿ ಮಕ್ಕಳು ಮೊಮ್ಮಕ್ಕಳು ಮೊದಲು ಸ್ವಂತ ಮನೆಯಲ್ಲಿ ಭಕ್ತಿ ತೋರಿಸಲಿ, ಹೆತ್ತವರ ಋಣ ತೀರಿಸಲಿ ಎಂದಿದೆ. 8ರಲ್ಲಿ ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನು ತಳ್ಳಿಬಿಟ್ಟವನು, ನಂಬದವನಿಗಿಂತ ಕಡೆ. 16 ಅಂತೂ ನಿಮಗೇ ಬರೆದ ಹಾಗಿದೆ: ನಂಬುವವಳಾದ ಸ್ತ್ರೀಯ ಬಳಗದಲ್ಲಿ ವಿಧವೆಯರಿದ್ದರೆ ಅವಳೇ ನೋಡಿಕೊಳ್ಳಲಿ, ಸಭೆಯ ಮೇಲೆ ಭಾರ ಬೀಳದಿರಲಿ. ನಂಬಬೇಕಾದವಳು ಇಲ್ಲಿ ನೋಡಿಕೊಳ್ಳುವವಳು. ಆ ವಿಧವೆ ಯಾರನ್ನು ಪೂಜಿಸುತ್ತಾಳೆ ಎಂದು ಈ ಸಾಲು ಕೇಳುವುದಿಲ್ಲ.

ಇನ್ನು ಕೂಟದ ಅಣ್ಣ. ನೀವು ಅವರ ಬಗ್ಗೆ ಗೌರವದಿಂದ ಬರೆದಿದ್ದೀರಿ, ನಾನು ಅಷ್ಟು ಗೌರವ ಕೊಡಲಾರೆ. ಪ್ರತಿ ತಿಂಗಳ ಮೊದಲ ಭಾನುವಾರ ನಿಮ್ಮ ಸಭೆಗೆ, ಅಂದರೆ ಚರ್ಚಿಗೆ, 1,800 ದಶಮಾಂಶ ಕೊಡುತ್ತೀರಿ, ಅದು ಸರಿ ಇದೆ, ಹಾಗೇ ನಡೆಯಲಿ. ಅದರ ಮೇಲೆ ಈ ಮನುಷ್ಯ ಸತ್ಯವೇದದ ಮಲಾಕಿ ಪುಸ್ತಕದ 3:10 ಓದಿಸಿ ಇನ್ನೂ ಮೂರು ಸಾವಿರವನ್ನು ತನ್ನ ಸ್ವಂತ ಫೋನ್‌ಪೇ ನಂಬರಿಗೆ ಹಾಕಿಸಿಕೊಳ್ಳುತ್ತಿದ್ದಾರೆ. ರಸೀದಿ ಇಲ್ಲ, ಲೆಕ್ಕ ಇಲ್ಲ. ಕೊರಿಂಥ ಪಟ್ಟಣದ ಸಭೆಯವರ ಕಾಣಿಕೆಯನ್ನು ಸಾಗಿಸುವಾಗ ಅಪೊಸ್ತಲ ಪೌಲನಂಥ ಪೌಲನೇ ಅದನ್ನು ಒಬ್ಬನ ಕೈಗೆ ಕೊಡಲಿಲ್ಲ. ತನ್ನ ಜೊತೆಗಾರ ತೀತನ ಜೊತೆ ಇನ್ನಿಬ್ಬರನ್ನು ಕಳಿಸಿದ, ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಎದುರಿಗೆ ಮಾತ್ರವಲ್ಲ ಜನರ ಎದುರಿಗೂ ಸರಿಯಾಗಿರಬೇಕು ಎಂದು ಬರೆದ. ಎರಡನೇ ಕೊರಿಂಥ 8:18ರಿಂದ 22. ಅದೇ ಅಧ್ಯಾಯದ 12ರಲ್ಲಿ ಇಲ್ಲದ್ದನ್ನು ಕೊಡಬೇಕಾಗಿಲ್ಲ, ಇರುವುದರ ಪ್ರಕಾರ ಕೊಟ್ಟರೆ ಸಾಕು ಎಂದೂ ಇದೆ. ಬುಧವಾರ ಇದನ್ನು ಓದಿದ್ದಾರೆಯೇ?

ಮಲಾಕಿಯನ್ನೇ ತೆಗೆದುಕೊಳ್ಳಿ. 3:10ರಲ್ಲಿ ದಶಮಾಂಶವನ್ನು ಭಂಡಾರಕ್ಕೆ ತನ್ನಿರಿ, ನನ್ನ ಮನೆಯಲ್ಲಿ ಆಹಾರವಿರಲಿ ಎಂದಿದೆ. ಅದು ಕಾಳುಕಡಿಯ ಭಂಡಾರ. ದೇವಾಲಯದ ಸೇವೆ ಮಾಡುತ್ತಿದ್ದ ಲೇವಿ ಕುಲದವರ ಪಾಲು ನಿಂತುಹೋಗಿ ಅವರು ಹೊಟ್ಟೆಪಾಡಿಗೆ ಹೊಲಗಳಿಗೆ ಓಡಿಹೋಗಿದ್ದನ್ನು ನೆಹೆಮೀಯ 13ರಲ್ಲಿ ಕಾಣಬಹುದು. ಈಗ ಐದು ವಚನ ಮೇಲಕ್ಕೆ ಹೋಗಿ, 3:5. ಕೂಲಿಯವನ ಕೂಲಿ ಹಿಡಿಯುವವರ, ವಿಧವೆಯನ್ನೂ ತಬ್ಬಲಿಯನ್ನೂ ಹಿಂಸಿಸುವವರ ವಿರುದ್ಧ ನಾನು ಬೇಗನೆ ಸಾಕ್ಷಿಯಾಗಿ ನಿಲ್ಲುತ್ತೇನೆ ಎಂದು ದೇವರು ಹೇಳುವುದು ಅಲ್ಲೇ. ವಿಧವೆಯ ಔಷಧದ ದುಡ್ಡು ತರಿಸಿಕೊಂಡು ಅದೇ ಪುಟದಿಂದ ಆಶೀರ್ವಾದ ಓದಲು ಹೇಗೆ ಮನಸ್ಸು ಬರುತ್ತದೆ? ಧರ್ಮೋಪದೇಶಕಾಂಡ 14:28, 29ರ ಪ್ರಕಾರ ಮೂರು ವರ್ಷಕ್ಕೊಮ್ಮೆ ಇಡೀ ದಶಮಾಂಶ ಊರಿನಲ್ಲೇ ಉಳಿದು ಲೇವಿಯನಿಗೆ, ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಹೋಗಬೇಕಿತ್ತು. ದಶಮಾಂಶದ ಕಾನೂನಿನ ಒಳಗೇ ನಿಮ್ಮ ಅವ್ವನಂಥವರ ಪಾಲು ಬರೆದಿದೆ.

ಈ ಅಂಕಣ ಓದುವವರಿಗೆ ನನ್ನ ಹಠ ಗೊತ್ತಿದೆ: ಒಂಟಿ ವಚನ ನಂಬಿ ಜೀವನದ ತೀರ್ಮಾನ ಮಾಡಬೇಡಿ. ಪೌಲ ಬರೆದ ಪತ್ರಗಳಲ್ಲಿ ಅಧ್ಯಾಯವೂ ಇರಲಿಲ್ಲ, ವಚನದ ನಂಬರೂ ಇರಲಿಲ್ಲ. ಹೊಸ ಒಡಂಬಡಿಕೆಗೆ ಈಗಿರುವ ವಚನದ ಅಂಕಿಗಳನ್ನು ಹಾಕಿದವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ, 1551ರಲ್ಲಿ. ಹುಡುಕಲು ಅನುಕೂಲವಾಗಲಿ ಎಂದು ಹಾಕಿದ ಅಂಕಿ ಹಿಡಿದು ಒಂದೊಂದೇ ಸಾಲನ್ನು ಕತ್ತರಿಸಿ, ಹೂವಿನ ಚಿತ್ರದ ಮೇಲೆ ಅಂಟಿಸಿ ಮೊಬೈಲಿಗೆ ಕಳಿಸುತ್ತಿದ್ದೇವೆ. ಯಾರೇ ವಾಕ್ಯ ಕಳಿಸಲಿ, ಅಧ್ಯಾಯದ ಆರಂಭದಿಂದ ಓದಿ. ಯಾರು ಯಾರಿಗೆ ಬರೆದರು, ಅಲ್ಲಿ ಏನು ಎಡವಟ್ಟಾಗಿತ್ತು ಎಂದು ಕೇಳಿಕೊಳ್ಳಿ. ಅದೇ ಲೇಖಕ ಅದೇ ವಿಷಯವನ್ನು ಬೇರೆ ಕಡೆ ಹೇಗೆ ಹೇಳಿದ್ದಾನೆ ನೋಡಿ. ಆಮೇಲೆ ಯೇಸುವಿನ ಬಾಯಿಂದ ಬಂದ ಮಾತಿಗೆ ಇದು ಹೊಂದುತ್ತದೆಯೇ ಎಂದು ನೋಡಿ. ಒಂದನೇ ಕೊರಿಂಥ ಪೂರ್ತಿ ಗಟ್ಟಿಯಾಗಿ ಓದಲು ಸುಮಾರು ಒಂದು ಗಂಟೆ ಬೇಕು. ಅಂಗಡಿ ರಜೆಯ ದಿನ ಆ ಒಂದು ಗಂಟೆ ಕೊಡಿ.

ಅಣ್ಣ ಕಳಿಸಿದ "ಹೊರಟು ಬನ್ನಿರಿ" ಎರಡನೇ ಕೊರಿಂಥ 6:17. ಅದೇ ಕೊರಿಂಥದವರಿಗೆ ಅದೇ ಪೌಲ ಮೊದಲ ಪತ್ರದ 5:9, 10ರಲ್ಲಿ ಸ್ಪಷ್ಟ ಮಾಡಿದ್ದಾನೆ. ದೂರವಿರಿ ಎಂದದ್ದು ಲೋಕದ ಜನರನ್ನು ಕುರಿತು ಅಲ್ಲ, ಹಾಗಾದರೆ ನೀವು ಲೋಕವನ್ನೇ ಬಿಟ್ಟು ಹೋಗಬೇಕಾಗುತ್ತದಲ್ಲ ಎಂದು. ತಮ್ಮನ ಮನೆ ಬಿಡಿ ಎಂದು ಅಲ್ಲೆಲ್ಲೂ ಇಲ್ಲ. "ತಂದೆತಾಯಿಯನ್ನು ದ್ವೇಷಿಸದ ಹೊರತು" ಎಂಬ ಲೂಕ 14:26 ನಿಮ್ಮನ್ನು ಹೆದರಿಸಿದೆ ಎಂದಿದ್ದೀರಿ. ಅದರ ಪಕ್ಕಕ್ಕೆ ಮತ್ತಾಯ 10:37 ಇಟ್ಟುಕೊಳ್ಳಿ, ಅಲ್ಲಿ ಅದೇ ಬೋಧನೆ "ನನಗಿಂತ ಹೆಚ್ಚಾಗಿ ಪ್ರೀತಿಸುವವನು" ಎಂದಿದೆ. ಈ ಮಾತು ಹೇಳಿದವರೇ ಶಿಲುಬೆಯ ಮೇಲಿದ್ದುಕೊಂಡು ತಾಯಿಯನ್ನು ಶಿಷ್ಯನ ಮನೆಗೆ ಒಪ್ಪಿಸಿದರು.

ಈಗ ನಿಮ್ಮ ಪ್ರಶ್ನೆ. ಗೃಹಪ್ರವೇಶಕ್ಕೆ ಹೋಗಿ.

ವಿಗ್ರಹಕ್ಕೆ ಅರ್ಪಿಸಿದ ಆಹಾರದ ವಿಷಯದಲ್ಲಿ ಪೌಲ ಒಂದನೇ ಕೊರಿಂಥ 8 ಮತ್ತು 10ರಲ್ಲಿ ಮೂರು ಜಾಗಗಳನ್ನು ಬೇರೆ ಬೇರೆ ಮಾಡಿ ನೋಡುತ್ತಾನೆ, ಅವನ್ನು ಕಲಸಿದರೇ ಗೊಂದಲ. ಗುಡಿಯೊಳಗೆ ಕೂತು ಪೂಜೆಯ ಭಾಗವಾಗಿ ಉಣ್ಣುವುದು: ಬೇಡ. ಪೇಟೆಯಲ್ಲಿ ಮಾರುವುದು: ಏನೂ ವಿಚಾರಿಸದೆ ಕೊಂಡು ತಿನ್ನಿ. ನಂಬದವರು ಮನೆಗೆ ಊಟಕ್ಕೆ ಕರೆದರೆ: ಹೋಗಲು ಮನಸ್ಸಿದ್ದರೆ ಹೋಗಿ, ಬಡಿಸಿದ್ದನ್ನು ಉಣ್ಣಿ, ಪ್ರಶ್ನೆ ಹಾಕಬೇಡಿ (10:27). ಇದು ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಮಾತ್ರ, ಹೇಳಿದವನ ಮನಸ್ಸಿಗೋಸ್ಕರ, ಬೇಡ (10:28). ನಿಮ್ಮ ಮನೆಯಲ್ಲಿ ಹೋಳಿಗೆ ಸುಟ್ಟ ಮೇಲೆ ದೇವರ ಮುಂದೆ ಒಂದು ಎಡೆ ತೆಗೆದಿಡುತ್ತಾರೆ, ಉಳಿದದ್ದು ಪಂಕ್ತಿಗೆ ಬರುತ್ತದೆ. ಪಂಕ್ತಿಯ ಊಟ 27ನೇ ವಚನದ ಊಟ, ಹೊಟ್ಟೆ ತುಂಬ ಉಣ್ಣಿ. ಪ್ರಸಾದ ಎಂದು ಹೇಳಿ ಅಂಗೈಗೆ ಕೊಡುವುದು 28ರದ್ದು. ಕೈ ಮುಗಿದು "ಬೇಡ ಚಿಕ್ಕಮ್ಮ" ಅನ್ನಿ, ಅಷ್ಟೇ. ಅಲ್ಲಿ ನಿಂತು ಕಾರಣ ವಿವರಿಸಬೇಡಿ, ಬೇರೆಯವರ ಭಕ್ತಿಯ ಬಗ್ಗೆ ಒಂದು ಹಗುರ ಮಾತೂ ಬೇಡ.

ಇಂಥ ಕಡೆ ಕೆಡುವುದು ಹೆಚ್ಚಾಗಿ ಹೊತ್ತಿನ ವಿಷಯದಲ್ಲಿ. ವಿಶ್ವಾಸಿ ಮಗಳು ಸರಿಯಾಗಿ ಪೂಜೆಯ ನಡುವೆ ಬಂದು, ನೆಂಟರೆಲ್ಲರ ಎದುರು ಆರತಿ ತಟ್ಟೆಯಿಂದ ಹಿಂದೆ ಸರಿಯುತ್ತಾಳೆ. ತಮ್ಮನ ಮುಖ ಸಣ್ಣಗಾಗುತ್ತದೆ, ಅದು ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಒಂದು ವಾರ ಮೊದಲೇ ಫೋನ್ ಮಾಡಿ ತಮ್ಮನಿಗೊಬ್ಬನಿಗೇ ಹೇಳಿ: "ಪೂಜೆಗೆ ಕೂರಲ್ಲಪ್ಪ, ಆದ್ರೆ ಹಿಂದಿನ ದಿನಾನೇ ಬಂದು ಕೆಲಸಕ್ಕೆ ನಿಲ್ತೀನಿ." ಹಿಂದಿನ ದಿನ ಮಧ್ಯಾಹ್ನದೊಳಗೆ ಮನೆಯಲ್ಲಿರಿ. ಹೂರಣ ರುಬ್ಬಿ, ತರಕಾರಿ ಹೆಚ್ಚಿ, ಪಾತ್ರೆಗೆ ಕೈ ಹಾಕಿ. ಹೋಮದ ಹೊತ್ತಿಗೆ ಹಿತ್ತಲಲ್ಲಿ ಅಡುಗೆಯವರ ಜೊತೆ ಕೆಲಸದಲ್ಲಿದ್ದರೆ ಯಾರೂ ಹುಡುಕುವುದಿಲ್ಲ. ಉಡಿ ತುಂಬಿದರೆ ಸೆರಗೊಡ್ಡಿ ತಗೊಳ್ಳಿ, ಅಕ್ಕಿ, ಕೊಬ್ಬರಿ, ಕುಬಸದ ಕಣ ತವರಿನ ಪ್ರೀತಿ. ನಿಮ್ಮ ಮನಸ್ಸು ಒಪ್ಪದಿದ್ದರೆ ಅದೂ ಸರಿ, ರೋಮಾಪುರ 14:23 ಅನುಮಾನದಿಂದ ಮಾಡಬೇಡಿ ಎನ್ನುತ್ತದೆ, ಆಗ ಅವ್ವನಿಗೆ ಮೊದಲೇ ತಿಳಿಸಿರಿ. ಇಸ್ರಾಯೇಲಿನ ದೇವರನ್ನು ನಂಬಿದ ಸಿರಿಯದ ಸೇನಾಪತಿ ನಾಮಾನನು ತನ್ನ ಅರಸನ ಜೊತೆ ಅಲ್ಲಿನ ದೇವತೆ ರಿಮ್ಮೋನನ ಗುಡಿಗೆ ಹೋಗಬೇಕಾದ ಸಂಕಟ ಹೇಳಿಕೊಂಡಾಗ ಪ್ರವಾದಿ ಎಲೀಷ ಉಪನ್ಯಾಸ ಮಾಡಲಿಲ್ಲ, ಸಮಾಧಾನದಿಂದ ಹೋಗು ಎಂದ.

ಆದರೆ ಇದೆಲ್ಲ ಮುಂದಿನ ತಿಂಗಳ ಮಾತು. ಈ ತಿಂಗಳ ಕೆಲಸ ಒಂದೇ: ಸಂಬಳ ಬಂದ ದಿನವೇ ಮೂರು ಸಾವಿರ ಅವ್ವನಿಗೆ. ಫೋನ್‌ಪೇ ಬೇಡ, ಕೈಯಲ್ಲಿ ಹಿಡಿದುಕೊಂಡು ಹೋಗಿ. ಭಾನುವಾರ ಆರಾಧನೆ ಮುಗಿಸಿ ಬಸ್ ಹತ್ತಿದರೆ ಚಿತ್ರದುರ್ಗದ ಮೇಲೆ ಸಂಜೆಯೊಳಗೆ ಚಳ್ಳಕೆರೆ. ಸೋಮವಾರ ಒಂದು ದಿನ ರಜೆ ಹಾಕಿ ಅವ್ವನನ್ನು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕರೆದುಕೊಂಡು ಹೋಗಿ. ಆಧಾರ್ ಕಾರ್ಡು, ಬಿಪಿಎಲ್ ಕಾರ್ಡು, ಮೊದಲ ಕಣ್ಣಿನ ಚೀಟಿ, ಬಿಪಿ ಶುಗರ್ ಮಾತ್ರೆ ಇದ್ದರೆ ಅವೂ ಕೈಚೀಲದಲ್ಲಿರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆ ತೆಗೆಸಲು ದುಡ್ಡು ಕೊಡಬೇಕಾಗಿಲ್ಲ. ಶುಗರ್ ಹೆಚ್ಚಿದ್ದರೆ ಹಿಡಿತಕ್ಕೆ ಬರುವವರೆಗೆ ಮುಂದೂಡುತ್ತಾರೆ, ಅದಕ್ಕೇ ಬೇಗ ತೋರಿಸಬೇಕು. ಶಸ್ತ್ರಚಿಕಿತ್ಸೆ ಆದ ಮೇಲೆ ನಾಲ್ಕರಿಂದ ಆರು ವಾರ ಹನಿ ಹಾಕುವುದಿರುತ್ತದೆ, ಮೊದಲ ವಾರದಲ್ಲಿ ದಿನಕ್ಕೆ ಹಲವು ಸಲ. ಕಣ್ಣಿಗೆ ನೀರು ಬೀಳಬಾರದು, ಒಲೆಯ ಹೊಗೆ ಬೇಡ, ಬಗ್ಗಿ ಭಾರ ಎತ್ತಬಾರದು. ನೋವು ಜಾಸ್ತಿಯಾದರೆ, ಕಣ್ಣು ಕೆಂಪಾದರೆ, ದೃಷ್ಟಿ ಮಸುಕಾದರೆ ಅದೇ ದಿನ ವಾಪಸ್ ಆಸ್ಪತ್ರೆಗೆ. ಗೃಹಪ್ರವೇಶದ ಗದ್ದಲದಲ್ಲಿ ತಮ್ಮನ ಹೆಂಡತಿಯೊಬ್ಬಳಿಗೇ ಇದನ್ನು ಹೊರಿಸಬೇಡಿ. ಹನಿಯ ಹೆಸರು, ಹೊತ್ತು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ದಿನಾ ಫೋನ್ ಮಾಡಿ ಕೇಳಿ.

ಜನವರಿಯಿಂದ ಕೊಟ್ಟ ದುಡ್ಡನ್ನು ಕೂಟದಿಂದ ವಾಪಸ್ ಕೇಳಲು ಹೋಗಬೇಡಿ, ಸಿಗುವುದೂ ಇಲ್ಲ. ಆದರೆ ರಸೀದಿ ಇಲ್ಲದ ಆ ನಂಬರಿನ ವಿಷಯವನ್ನು ನಿಮ್ಮ ಸಭೆಯ ಅಯ್ಯನವರಿಗೆ ತಿಳಿಸಿ, ಬೇರೆ ಹೆಣ್ಣುಮಕ್ಕಳೂ ಹಾಕುತ್ತಿರಬಹುದು. ಅಣ್ಣ ಈ ತಿಂಗಳ ಕಾಣಿಕೆ ಯಾಕೆ ಬರಲಿಲ್ಲ ಎಂದು ಕೇಳಿದರೆ, ಅವ್ವನ ಕಣ್ಣಿಗೆ ಕೊಟ್ಟೆ ಅನ್ನಿ. ಅವರು ಮತ್ತೆ ಮಲಾಕಿ ತೆಗೆದರೆ, 5ನೇ ವಚನದಿಂದ ಓದಿ ಎಂದು ಕೇಳಿಕೊಳ್ಳಿ.